ಆಣೆಗೆ ಮೂರು ಪುಟ, ಗೊರಕೆಗೆ ಒಂದೇ ಸಾಲು

ಈ ವಾರದ ಅಂಕಣಕ್ಕೆ ಬೇರೆಯೇ ಪತ್ರವೊಂದನ್ನು ಆರಿಸಿ ಇಟ್ಟಿದ್ದೆ. ಅದು ಕಾಯಲಿ. ತಮ್ಮನ ವಿಚಾರವಾಗಿ ಅಕ್ಕನೊಬ್ಬಳು ಬರೆದ ನಾಲ್ಕು ಪುಟಗಳನ್ನು ಮಧ್ಯಾಹ್ನ ಓದಿದೆ. ಸಂಜೆಯವರೆಗೂ ಬೇರೆ ಕೆಲಸಕ್ಕೆ ಕೈ ಹೋಗಲಿಲ್ಲ.

ಸಂಗತಿ ಇಷ್ಟು. ತಮ್ಮನಿಗೆ 27 ವರ್ಷ. ಹೆರಾಯಿನ್ ಚಟ ಹತ್ತಿ ಮೂರು ವರ್ಷವಾಗಿತ್ತು, ಮನೆಯವರಿಗೆ ಗೊತ್ತಾದದ್ದು ಹೋದ ವರ್ಷ. ಸೋದರಮಾವ ಹಣ ಕೊಟ್ಟು ಚಿಕಿತ್ಸಾ ಕೇಂದ್ರವೊಂದಕ್ಕೆ ಸೇರಿಸಿದರು. ಮೂರು ತಿಂಗಳು ಅಲ್ಲಿದ್ದು ಬಂದವನು ಮೈಕೈ ತುಂಬಿಕೊಂಡಿದ್ದ, ನಗುತ್ತಿದ್ದ, ಕೆಲಸಕ್ಕೂ ಸೇರಿದ. ಐದನೆಯ ವಾರದ ಒಂದು ರಾತ್ರಿ ಅಕ್ಕ ಬಚ್ಚಲಮನೆಯ ಬಾಗಿಲು ತಟ್ಟಿದರೆ ಉತ್ತರವಿಲ್ಲ. ಭುಜ ಕೊಟ್ಟು ನೂಕಿದಾಗ ಹಳೆಯ ಚಿಲಕ ಕಿತ್ತು ಬಂತು. ತಮ್ಮ ಗೋಡೆಗೆ ಒರಗಿ ಕುಳಿತಿದ್ದ, ಪಕ್ಕದಲ್ಲಿ ಸಿರಿಂಜ್ ಬಿದ್ದಿತ್ತು. ತಣ್ಣೀರು ಎರಚಿ, ಕೆನ್ನೆಗೆ ಬಾರಿಸಿ ಎಬ್ಬಿಸಿದರು. ಎದ್ದವನು ಅತ್ತ. ಅಕ್ಕನ ಕೈ ಹಿಡಿದು ಆಣೆ ಹಾಕಿಸಿಕೊಂಡ: ಅಮ್ಮನಿಗೆ ಹೇಳಬಾರದು, ಮಾವನಿಗಂತೂ ಹೇಳಲೇಬಾರದು. ಅಮ್ಮನಿಗೆ ರಕ್ತದೊತ್ತಡ. ಮಾವನ ಷರತ್ತು ಮೊದಲೇ ಜಾರಿಯಲ್ಲಿದೆ: "ಇನ್ನೊಂದು ಸಲ ಮುಟ್ಟಿದರೆ ಈ ಮನೆಯ ಹೊಸ್ತಿಲು ತುಳಿಯಬೇಡ." ಈಗ ಅಕ್ಕನ ಪ್ರಶ್ನೆ, ಕೊಟ್ಟ ಮಾತು ಉಳಿಸಿಕೊಳ್ಳಲೇ, ಮುರಿಯಲೇ?

ನಾಲ್ಕು ಪುಟಗಳಲ್ಲಿ ಮೂರು ಪುಟ ಈ ಆಣೆಗೇ ಹೋಗಿದೆ. ನನ್ನ ಕಣ್ಣು ನಿಂತದ್ದು ಮೂರನೆಯ ಪುಟದ ನಡುವೆ ಇರುವ ಒಂದು ಸಾಲಿನ ಮೇಲೆ. "ಅಷ್ಟು ಬಾಗಿಲು ಬಡಿದರೂ ಮಹಾಶಯ ಒಳಗೆ ಗೊರಗೊರ ಗೊರಕೆ ಹೊಡೆಯುತ್ತಿದ್ದ, ತುಟಿ ಮಾತ್ರ ಸ್ವಲ್ಪ ನೀಲಿಗಟ್ಟಿತ್ತು." ಬರೆಯುವಾಗ ನಿಮ್ಮ ಮುಖದಲ್ಲಿ ಒಂದು ಸಣ್ಣ ನಗುವೂ ಇದ್ದಿರಬೇಕು.

ತಂಗೀ, ಅದು ಗೊರಕೆಯಲ್ಲ. ನಿಮ್ಮ ತಮ್ಮ ಆ ರಾತ್ರಿ ಸಾಯುತ್ತಿದ್ದ.

ಉಸಿರಾಡುವುದು ನಾವು ನೆನಪಿಟ್ಟುಕೊಂಡು ಮಾಡುವ ಕೆಲಸವಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿತೆಂದರೆ ಮಿದುಳಿನ ಬುಡದಲ್ಲಿರುವ ನರಕೋಶಗಳು ಅದನ್ನು ಗುರುತಿಸಿ ಎದೆಗೂಡನ್ನು ಹಿಗ್ಗಿಸುತ್ತವೆ. ನಿದ್ದೆಯಲ್ಲೂ ಎಚ್ಚರವಿರುವ ಕಾವಲುಗಾರ ಅದು. ಹೆರಾಯಿನ್ ಮೈಯೊಳಗೆ ಹೋದೊಡನೆ ಮಾರ್ಫಿನ್ ಆಗಿ ಮಾರ್ಪಟ್ಟು ಆ ಕಾವಲುಗಾರನ ಕಿವಿಗೆ ಅರಳೆ ತುರುಕುತ್ತದೆ. ಇಂಗಾಲದ ಡೈಆಕ್ಸೈಡ್ ಏರುತ್ತಲೇ ಇರುತ್ತದೆ, ಕೇಳಿಸಿಕೊಳ್ಳುವವರಿಲ್ಲ. ನಿಮಿಷಕ್ಕೆ 12ರಿಂದ 20 ಬಾರಿ ಆಡಬೇಕಾದ ಉಸಿರು ಎಂಟಕ್ಕೆ, ಆರಕ್ಕೆ, ನಾಲ್ಕಕ್ಕೆ ಇಳಿಯುತ್ತದೆ. ಗಂಟಲಿನ ಸ್ನಾಯುಗಳು ಸಡಿಲಗೊಂಡು ನಾಲಗೆ ಹಿಂದಕ್ಕೆ ಜಾರಿ ದಾರಿಯನ್ನು ಅರ್ಧ ಮುಚ್ಚುತ್ತದೆ. ಉಳಿದ ಸಂದಿಯಲ್ಲಿ ಗಾಳಿ ನುಸುಳುವಾಗ ಆಗುವ ಸದ್ದನ್ನು ನೀವು ಗೊರಕೆ ಎಂದು ಬರೆದಿದ್ದೀರಿ. ತುಟಿ ನೀಲಿಯಾದದ್ದು ರಕ್ತದಲ್ಲಿ ಆಮ್ಲಜನಕ ಬತ್ತಿದ್ದಕ್ಕೆ. (ಮೈಬಣ್ಣ ಕಪ್ಪಾಗಿದ್ದವರಲ್ಲಿ ನೀಲಿ ಕಾಣದೆ ತುಟಿ, ಉಗುರುಗಳು ಬೂದಿ ಬಣ್ಣಕ್ಕೆ ತಿರುಗಬಹುದು.) "ಪಾಪ, ನಿದ್ದೆ ಮಾಡಲಿ" ಎಂದು ಹೊದಿಕೆ ಹೊದಿಸಿ, ದೀಪ ಆರಿಸಿ ಬಂದ ಮನೆಗಳಿವೆ. ಆ ಮನೆಯವರು ಆ ಸದ್ದನ್ನು ಜೀವಮಾನವಿಡೀ ಮರೆಯುವುದಿಲ್ಲ. ನೀವು ನೀರೆರಚಿದಿರಿ, ಅವನು ಎದ್ದ. ಅದು ಅದೃಷ್ಟ. ಅದನ್ನೇ ಚಿಕಿತ್ಸೆ ಎಂದು ನೆನಪಿಟ್ಟುಕೊಳ್ಳಬೇಡಿ.

ಇನ್ನೊಂದು ಮಾತನ್ನೂ ನೀವು ಅರ್ಧ ನಂಬಿಕೆಯಲ್ಲಿ ಬರೆದಿದ್ದೀರಿ. "ಮೊದಲು ತೆಗೆದುಕೊಳ್ಳುತ್ತಿದ್ದುದಕ್ಕಿಂತ ಕಡಿಮೆಯೇ ತೆಗೆದುಕೊಂಡಿದ್ದೆ ಎಂದು ಪ್ರಮಾಣ ಮಾಡುತ್ತಾನೆ, ನಂಬುವುದು ಹೇಗೆ?" ನಾನಂತೂ ನಂಬುತ್ತೇನೆ. ಚಟ ಹತ್ತಿದವರ ಮಾತನ್ನೆಲ್ಲ ಸುಳ್ಳೆಂದು ಬಗೆಯುವ ಅಭ್ಯಾಸ ಮನೆಮನೆಯಲ್ಲೂ ಇದೆ. ಇದು ಮಾತ್ರ ನಿಜವಿರಬಹುದಾದ ಮಾತು, ಅದಕ್ಕೇ ಭಯ ಹುಟ್ಟಿಸುವ ಮಾತು.

ದಿನವೂ ಹೆರಾಯಿನ್ ತೆಗೆದುಕೊಳ್ಳುವ ದೇಹ ಅದಕ್ಕೆ ಒಗ್ಗಿಹೋಗಿರುತ್ತದೆ. ಬೇರೆಯವರನ್ನು ಕೊಲ್ಲುವ ಪ್ರಮಾಣ ಅವನನ್ನು ಎದ್ದು ಓಡಾಡುವಷ್ಟು ಸರಿಯಾಗಿ ಇಡುತ್ತದೆ, ಅಷ್ಟೇ. ಬಿಟ್ಟ ಕೆಲವೇ ವಾರಗಳಲ್ಲಿ ಆ ಒಗ್ಗಿಕೆ ಕರಗುತ್ತದೆ. ಹಂಬಲ ಮಾತ್ರ ಅಷ್ಟು ಬೇಗ ಕರಗುವುದಿಲ್ಲ. ಮೂರು ತಿಂಗಳ ಬಳಿಕ ಮನೆಗೆ ಬಂದವನ ಕೈಗೆ ಹಳೆಯ ಅಳತೆ ನೆನಪಿದೆ, ಮೈ ಮಾತ್ರ ಹೊಸಬನದು. ಅರ್ಧಕ್ಕೆ ಇಳಿಸಿದರೂ ಅದು ಹೆಚ್ಚೇ ಆಗಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸೆರೆಮನೆಯಿಂದ ಬಿಡುಗಡೆಯಾದವರನ್ನು ಕುರಿತ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರು ಮಾದಕ ವಸ್ತು ಮಿತಿಮೀರಿ ಸಾಯುವ ಸಂಭವ ಅದೇ ರಾಜ್ಯದ ಉಳಿದ ಜನರಿಗಿಂತ 129 ಪಟ್ಟು ಹೆಚ್ಚಿತ್ತು. ಸೆರೆಮನೆಯಾದರೂ ಚಿಕಿತ್ಸಾ ಕೇಂದ್ರವಾದರೂ ದೇಹದ ಲೆಕ್ಕ ಒಂದೇ.

ಜಾಗವೂ ಲೆಕ್ಕಕ್ಕೆ ಬರುತ್ತದೆ ಎಂದರೆ ನಿಮಗೆ ವಿಚಿತ್ರವೆನಿಸಬಹುದು. ಮನೋವಿಜ್ಞಾನಿ ಶೆಪರ್ಡ್ ಸೀಗಲ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೆರಾಯಿನ್‌ಗೆ ಒಗ್ಗಿದ ಇಲಿಗಳಿಗೆ ದೊಡ್ಡ ಪ್ರಮಾಣವೊಂದನ್ನು ಕೊಟ್ಟರು. ಅಭ್ಯಾಸವಿದ್ದ ಕೋಣೆಯಲ್ಲಿ ಸತ್ತದ್ದಕ್ಕಿಂತ ಸುಮಾರು ಎರಡು ಪಟ್ಟು ಇಲಿಗಳು ಅಪರಿಚಿತ ಕೋಣೆಯಲ್ಲಿ ಸತ್ತವು. ಪರಿಚಿತ ಜಾಗ ಕಂಡೊಡನೆ ದೇಹ ಮುಂಚಿತವಾಗಿಯೇ ಸೊಂಟ ಕಟ್ಟಿ ನಿಲ್ಲುತ್ತದೆ. ಹೊಸ ಜಾಗದಲ್ಲಿ ಏಟು ಸಿದ್ಧವಿಲ್ಲದ ಮೈಗೆ ಬೀಳುತ್ತದೆ. ನಿಮ್ಮ ತಮ್ಮ ಮೊದಲು ಗೆಳೆಯರ ನಡುವೆ ತೆಗೆದುಕೊಳ್ಳುತ್ತಿದ್ದ, ಮನೆಯೊಳಗೆ ಎಂದೂ ಇಲ್ಲ ಎಂದು ಬರೆದಿದ್ದೀರಿ. ಈಗ ಬಚ್ಚಲಮನೆ, ಅದೂ ಒಬ್ಬನೇ, ಅದೂ ಚಿಲಕ ಹಾಕಿಕೊಂಡು.

ಒಳಗೆ ಚಿಲಕ ಹಾಕಿಕೊಳ್ಳುವ ಹಾಗೆ ಮಾಡಿದವರು ಯಾರು? ಇಲ್ಲಿ ನಾನು ಸೋದರಮಾವನನ್ನು ಬಿಡುವುದಿಲ್ಲ.

ಅವರು ಹಣ ಕೊಟ್ಟರು, ನಿಜ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು ಎಂದು ನೀವು ಮೂರು ಸಲ ಬರೆದಿದ್ದೀರಿ. ಒಂದು ಸಲ ಬರೆದಿದ್ದರೆ ನಂಬುತ್ತಿದ್ದೆ. ಹಣದ ಜೊತೆಗೆ ಒಂದು ತೀರ್ಪನ್ನೂ ಕೊಟ್ಟರು. "ಇನ್ನೊಂದು ಸಲ ಮುಟ್ಟಿದರೆ ಹೊರಗೆ." ಈ ಬೆದರಿಕೆಯಿಂದ ಹೆರಾಯಿನ್ ನಿಲ್ಲುವುದಿಲ್ಲ, ಅದರ ಜಾಗ ಬದಲಾಗುತ್ತದೆ. ಜನರ ನಡುವಿನಿಂದ ಕತ್ತಲೆಗೆ, ಮುಚ್ಚಿದ ಬಾಗಿಲ ಹಿಂದಕ್ಕೆ ಸರಿಯುತ್ತದೆ. ಜೊತೆಗೊಬ್ಬರು ಇದ್ದಿದ್ದರೆ ಉಳಿಯುತ್ತಿದ್ದ ಜೀವ ಒಂಟಿಯಾಗಿದ್ದಾಗ ಹೋಗುತ್ತದೆ. ಮಾವ ಆ ಷರತ್ತು ಹಾಕಿದ ದಿನವೇ ಬಚ್ಚಲಮನೆಯ ಚಿಲಕವನ್ನು ಒಳಗಿನಿಂದ ಎಳೆದರು ಎಂದೇ ನನ್ನ ಲೆಕ್ಕ. ಗುಟ್ಟಿನ ವಿಷಯ ಬಂದರೆ ನನಗೆ ತಲೆ ಕೆಡುತ್ತದೆ ಎಂದು ಓದುಗರು ದೂರುತ್ತಾರೆ. ಕೆಡಲಿ. ಇಷ್ಟು ವರ್ಷಗಳ ಪತ್ರಗಳಲ್ಲಿ ಕುಡಿತ, ಸಾಲ, ಜಗಳ ಎಲ್ಲವನ್ನೂ ನೋಡಿದ್ದೇನೆ. "ಬಾಯಿ ಬಿಟ್ಟರೆ ಬಣ್ಣಗೇಡು" ಎಂಬ ಗಾದೆ ಮುರಿದಷ್ಟು ಮನೆಗಳನ್ನು ಇವುಗಳಲ್ಲಿ ಯಾವುದೂ ಮುರಿದಿಲ್ಲ.

ಗಾದೆ ಎಂದಾಗ ನೆನಪಾಯಿತು, ಮಾವನ ಬತ್ತಳಿಕೆಯಲ್ಲೂ ಒಂದಿದೆ: "ಹುಟ್ಟುಗುಣ ಸುಟ್ಟರೂ ಹೋಗದು." ಹುಟ್ಟುಗುಣವಂತೆ! ವಿಯೆಟ್ನಾಂ ಯುದ್ಧದಿಂದ 1971ರಲ್ಲಿ ಮರಳಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹಿಂಬಾಲಿಸಿ ಅಧ್ಯಯನ ಮಾಡಿದರು. ಐವರಲ್ಲಿ ಒಬ್ಬರಷ್ಟು ಜನ ಅಲ್ಲಿ ಹೆರಾಯಿನ್‌ನಂಥ ವಸ್ತುವಿಗೆ ಅಂಟಿಕೊಂಡಿದ್ದರು. ಊರಿಗೆ ಬಂದ ಮೊದಲ ವರ್ಷದಲ್ಲಿ ಅವರಲ್ಲಿ ಮತ್ತೆ ಆ ಸ್ಥಿತಿಗೆ ಬಿದ್ದವರು ನೂರಕ್ಕೆ ಐದರಷ್ಟು ಮಾತ್ರ. ಹುಟ್ಟುಗುಣವಾಗಿದ್ದರೆ ಹಡಗು ವಿಮಾನ ಇಳಿದ ಮಾತ್ರಕ್ಕೆ ಎಲ್ಲಿಗೆ ಹೋಯಿತು? ಹಾಗೆಂದು ಊರು ಬದಲಿಸಿದರೆ ಚಟ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ನಿಮ್ಮ ತಮ್ಮ ಹಿಡಿದುಕೊಂಡದ್ದು ಇದೇ ಊರಿನಲ್ಲಿ, ಬಂದಿರುವುದೂ ಇದೇ ಊರಿಗೆ. ಸುತ್ತಲಿನ ಜನ, ಜಾಗ, ದಿನಚರಿ ಇವೆಲ್ಲ ಈ ಕಾಯಿಲೆಯ ಒಳಗೇ ಇವೆ ಎನ್ನುತ್ತಿದ್ದೇನೆ. ಮಾವನೂ ಸೇರಿ.

ಕಾಯಿಲೆ ಎಂಬ ಪದವನ್ನು ಬೇಕೆಂದೇ ಬಳಸಿದೆ. "ಮನಸ್ಸು ಗಟ್ಟಿ ಇಲ್ಲ" ಎಂದು ಮಾವ ಹೇಳುತ್ತಾರೆ, ನೀವೂ ಅಲ್ಲಲ್ಲಿ ಹೇಳಿದ್ದೀರಿ. ಕನ್ನಡದಲ್ಲಿ ನಮಗೆ ಎರಡು ಸುಲಭದ ಪದಗಳಿವೆ, "ಇಷ್ಟ" ಮತ್ತು "ಬೇಕು". ಸಾಮಾನ್ಯವಾಗಿ ಇವು ಜೋಡೆತ್ತುಗಳು, ಇಷ್ಟವಾದದ್ದು ಬೇಕೆನಿಸುತ್ತದೆ. ಮಿದುಳಿನಲ್ಲಿ ಇವೆರಡರ ದಾರಿ ಬೇರೆ ಬೇರೆ ಎಂದು ಕೆಂಟ್ ಬೆರಿಜ್ ಮತ್ತು ಟೆರಿ ರಾಬಿನ್ಸನ್ ಎಂಬ ಸಂಶೋಧಕರು 1993ರಲ್ಲಿ ವಾದಿಸಿದರು. ಚಟ ಹಿಡಿಸುವ ವಸ್ತುಗಳು ಡೋಪಮೈನ್ ಎಂಬ ರಾಸಾಯನಿಕದ ಮೂಲಕ "ಬೇಕು" ಎಂಬುದನ್ನು ಮತ್ತೆ ಮತ್ತೆ ಸಾಣೆ ಹಿಡಿಯುತ್ತವೆ, "ಇಷ್ಟ" ಎಂಬುದು ಅಷ್ಟರಲ್ಲಿ ಸವೆದಿರುತ್ತದೆ. ಕೊನೆಗೆ ಇಷ್ಟವೇ ಇಲ್ಲದ ವಸ್ತುವೊಂದು ಉಸಿರಿನಷ್ಟು ಬೇಕಾಗುತ್ತದೆ. ನಿಮ್ಮ ತಮ್ಮ ಅಳುತ್ತಾ "ನನಗೆ ಅದರಿಂದ ಸುಖವೇ ಇಲ್ಲ ಅಕ್ಕಾ" ಎಂದನಂತೆ. ನೀವು ಅದನ್ನು ನಾಟಕ ಎಂದುಕೊಂಡಿರಿ. ಅವನು ತನ್ನ ಕಾಯಿಲೆಯನ್ನು ವರ್ಣಿಸುತ್ತಿದ್ದ.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಮನೋರೋಗಗಳ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಇದಕ್ಕೆ ಹನ್ನೊಂದು ಲಕ್ಷಣಗಳ ಪಟ್ಟಿಯಿದೆ. ಅಂದುಕೊಂಡದ್ದಕ್ಕಿಂತ ಹೆಚ್ಚು ಬಳಸುವುದು, ಬಿಡಲು ಹೊರಟು ಸೋಲುವುದು, ಹಂಬಲ, ಕೆಲಸ ಕೆಡುವುದು, ಅಪಾಯ ಗೊತ್ತಿದ್ದೂ ಮುಂದುವರಿಸುವುದು, ಹೀಗೆ. ಒಂದು ವರ್ಷದೊಳಗೆ ಎರಡು ಕಂಡರೂ ಅದು ತೊಂದರೆಯೇ, ಆರು ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ. ಪಟ್ಟಿಯನ್ನು ನಾನು ಹಲವು ಬಾರಿ ಓದಿದ್ದೇನೆ. ಅದರಲ್ಲಿ "ಕೆಟ್ಟವನು" ಎಂಬುದು ಹನ್ನೆರಡನೆಯದಾಗಿಯೂ ಇಲ್ಲ.

ಮರಳಿ ಬೀಳುವುದೂ ಈ ಕಾಯಿಲೆಯ ಸ್ವಭಾವ. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 40ರಿಂದ 60 ಜನ ಒಂದು ವರ್ಷದೊಳಗೆ ಮತ್ತೆ ಬಳಸುತ್ತಾರೆ. ರಕ್ತದೊತ್ತಡ, ಉಬ್ಬಸದಂಥ ಕಾಯಿಲೆಗಳು ಮರುಕಳಿಸುವ ಲೆಕ್ಕವೂ ಹೆಚ್ಚುಕಡಿಮೆ ಹೀಗೆಯೇ ಇದೆ. ಅಮ್ಮನ ರಕ್ತದೊತ್ತಡ ಏರಿದ ದಿನ ಮಾವ ಅವರನ್ನು ಹೊಸ್ತಿಲಾಚೆ ನಿಲ್ಲಿಸಿದರೇ? ಮಾತ್ರೆಯ ಪ್ರಮಾಣ ಹೆಚ್ಚಿಸಿ ಎಂದು ವೈದ್ಯರ ಬಳಿಗೆ ಕರೆದೊಯ್ದರು, ನೀವೇ ಬರೆದಿದ್ದೀರಿ.

ಮಾತ್ರೆಯ ಮಾತು ಬಂತು, ಆ ಕೇಂದ್ರದವರ ಬಗ್ಗೆಯೂ ಒಂದು ಮಾತು. ಮೂರು ತಿಂಗಳಿಟ್ಟುಕೊಂಡು, "ಯಾವ ಔಷಧಿಯೂ ಬೇಡ, ಈಗ ಶುದ್ಧನಾಗಿದ್ದೀಯೆ" ಎಂದು ಹಾರ ಹಾಕಿ ಕಳುಹಿಸಿದರಂತೆ. ಈ "ಶುದ್ಧ" ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಶುದ್ಧನಾದವನು ಇನ್ನೊಮ್ಮೆ ಜಾರಿದರೆ ಮೈಲಿಗೆಯಾಗುತ್ತಾನೆ, ಮೈಲಿಗೆಯಾದವನು ಬಚ್ಚಲಮನೆಯಲ್ಲಿ ಅಡಗುತ್ತಾನೆ. ಬ್ಯುಪ್ರೆನಾರ್ಫಿನ್, ಮೆಥಡೋನ್ ಎಂಬ ಔಷಧಿಗಳು 2005ರಿಂದಲೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಹಂಬಲವನ್ನೂ ಬಿಟ್ಟಾಗಿನ ನರಳಾಟವನ್ನೂ ಇವು ತಗ್ಗಿಸುತ್ತವೆ. ಇವನ್ನು ಸರಿಯಾಗಿ ತೆಗೆದುಕೊಳ್ಳುವ ಅವಧಿಯಲ್ಲಿ ಸಾವಿನ ಸಂಭವ ಅರ್ಧಕ್ಕೂ ಕೆಳಗೆ ಇಳಿಯುವುದನ್ನು ಹಲವು ದೇಶಗಳಲ್ಲಿ ಕಂಡಿದ್ದಾರೆ. "ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದಂತೆ" ಎಂದು ಮೂಗು ಮುರಿಯುವವರು ಇದ್ದೇ ಇದ್ದಾರೆ. ಅವರಿಗೆ ನನ್ನದೊಂದೇ ಪ್ರಶ್ನೆ: ಬೆಳಿಗ್ಗೆ ಮಾತ್ರೆ ತೆಗೆದುಕೊಂಡು ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬಂದು ಅಕ್ಕನೊಡನೆ ಜಗಳವಾಡುವ ತಮ್ಮ ನಿಮಗೆ ಬೇಡವೇ? ಇದು ಅಂಗಡಿಯಲ್ಲಿ ಕೊಂಡು ನೀವೇ ಕೊಡುವ ಔಷಧಿಯಲ್ಲ. ಯಾವಾಗ, ಎಷ್ಟು ಎಂಬುದನ್ನು ಬಲ್ಲ ಮನೋವೈದ್ಯರು ಶುರು ಮಾಡಬೇಕು. ಅವನೊಡನೆ ನೀವೂ ಹೋಗಿ.

ಅದೇ ವೈದ್ಯರ ಬಳಿ ನಾಲಾಕ್ಸೋನ್ ಕೇಳಿ. ಮಿದುಳಿನಲ್ಲಿ ಹೆರಾಯಿನ್ ಕೂತ ಕುರ್ಚಿಯಿಂದ ಅದನ್ನು ತಳ್ಳಿ ತಾನು ಕೂರುವ ಔಷಧಿ ಅದು, ಮೂಗಿಗೆ ಸಿಂಪಡಿಸುವ ರೂಪದಲ್ಲೂ ಚುಚ್ಚುಮದ್ದಾಗಿಯೂ ಬರುತ್ತದೆ. ಇಂಥ ಸಂದರ್ಭ ಕಣ್ಣೆದುರು ಬರಬಹುದಾದ ಮನೆಯವರ, ಗೆಳೆಯರ ಕೈಗೇ ಅದು ಎಟುಕುವಂತಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಕೆಲವು ದೇಶಗಳಲ್ಲಿ ಚೀಟಿಯಿಲ್ಲದೆಯೂ ಸಿಗುತ್ತದೆ. ಮತ್ತೆ ಆ ಸದ್ದು ಕೇಳಿದರೆ ಜೋರಾಗಿ ಹೆಸರು ಕೂಗಿ, ಎದೆಯ ನಡುವಿನ ಮೂಳೆಯನ್ನು ಗೆಣ್ಣಿನಿಂದ ಬಲವಾಗಿ ಉಜ್ಜಿ. ಏಳಲಿಲ್ಲವೆಂದರೆ ಆಂಬುಲೆನ್ಸ್‌ಗೆ ಕರೆ ಮಾಡಿ, ಮೂಗಿಗೆ ನಾಲಾಕ್ಸೋನ್ ಹಾಕಿ. ಉಸಿರು ನಿಂತಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಫೋನಿನಲ್ಲಿರುವವರು ಹೇಗೆಂದು ಹೇಳುತ್ತಾ ಹೋಗುತ್ತಾರೆ. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ಎದ್ದು ಕುಳಿತು "ಏನೂ ಆಗಿಲ್ಲ, ಹೋಗು" ಎಂದು ಬೈದರೂ ಬಿಟ್ಟು ಹೋಗಬೇಡಿ. ನಾಲಾಕ್ಸೋನ್‌ನ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ, ಒಳಗಿರುವ ವಸ್ತು ಅದಕ್ಕಿಂತ ಹೆಚ್ಚು ಹೊತ್ತು ಉಳಿದಿರಬಹುದು. ಎದ್ದವನು ಮತ್ತೆ ಮುಳುಗಬಹುದು.

ಈ ಅಂಕಣವನ್ನು ಓದುವ ಬೇರೆ ಮನೆಗಳಿಗೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಮರೆತೇನು. ಹೆರಾಯಿನ್ ಒಮ್ಮೆಲೇ ಬಿಟ್ಟವರು ನರಕ ಕಾಣುತ್ತಾರೆ, ಆದರೆ ಆ ನರಳಾಟದಿಂದಲೇ ಸಾಯುವುದು ಅಪರೂಪ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿಯುವವರು, ನಿದ್ರೆಮಾತ್ರೆಗಳಿಗೆ ಒಗ್ಗಿಹೋದವರು ಒಮ್ಮೆಲೇ ನಿಲ್ಲಿಸಿದರೆ ಮಾತ್ರ ಸಾಯಬಹುದು. ಸೆಳವು ಬರುತ್ತದೆ, ಕುಡಿತ ಬಿಟ್ಟ ಎರಡು ಮೂರು ದಿನಕ್ಕೆ ಗೋಡೆಯ ಮೇಲೆ ಇಲ್ಲದ ಹುಳುಗಳು ಕಾಣುತ್ತವೆ, ಮೈ ಬೆವರಿ ನಡುಗುತ್ತದೆ. ಕೋಣೆಯಲ್ಲಿ ಕೂಡಿಹಾಕಿ ಬುದ್ಧಿ ಕಲಿಸುವ ಮಾವಂದಿರು ದಯವಿಟ್ಟು ಇದನ್ನು ಎರಡು ಸಲ ಓದಿ.

ಇನ್ನು ನಿಮ್ಮ ಆಣೆ. ಅಮ್ಮನಿಗೆ ಏನೂ ಗೊತ್ತಿಲ್ಲ ಎಂದು ನೀವು ನಂಬಿದ್ದೀರಿ. ಅಡುಗೆಮನೆಯಲ್ಲಿ ಚಮಚಗಳು ಕಡಿಮೆಯಾಗುತ್ತಿದ್ದವು, ಅಮ್ಮ ಯಾರನ್ನೂ ಕೇಳದೆ ಹೊಸ ಚಮಚ ತಂದಿಟ್ಟರು ಎಂದೂ ನೀವೇ ಬರೆದಿದ್ದೀರಿ. (ಹೆರಾಯಿನ್ ಚುಚ್ಚಿಕೊಳ್ಳುವವರಿಗೆ ಚಮಚವೂ ಬೇಕಾಗುತ್ತದೆ.) ಚಮಚ ಕಳೆದರೆ ಮನೆಯವರನ್ನೆಲ್ಲ ವಿಚಾರಣೆಗೆ ನಿಲ್ಲಿಸದ ತಾಯಿಯನ್ನು ನಾನು ಕಂಡಿಲ್ಲ. ಅವರು ಕೇಳಲಿಲ್ಲವೆಂದರೆ ಉತ್ತರ ಗೊತ್ತಿದೆ ಎಂದರ್ಥ. ನಿಮ್ಮ ಮನೆಯಲ್ಲಿ ಮೂವರೂ ಒಬ್ಬರಿಂದೊಬ್ಬರು ಮುಚ್ಚಿಡುತ್ತಿರುವುದು ಒಂದೇ ಗುಟ್ಟನ್ನು.

ಕೊನೆಯ ಪುಟದಲ್ಲಿ ಸಮಾಧಾನದ ಸುದ್ದಿ ಎಂಬಂತೆ ಒಂದು ಮಾತಿದೆ. ಕಿತ್ತುಹೋದ ಚಿಲಕವನ್ನು ಮರುದಿನವೇ ತಮ್ಮ ತಾನಾಗಿ ಸರಿಪಡಿಸಿದನಂತೆ. ಹಳೆಯದಕ್ಕಿಂತ ದಪ್ಪನೆಯ, ಗಟ್ಟಿಯಾದ ಹೊಸ ಚಿಲಕವನ್ನು ಅವನೇ ತಂದು ಜಡಿದನಂತೆ. "ಮನೆಗೆಲಸದಲ್ಲಿ ಅವನಿಗೆ ಮತ್ತೆ ಆಸಕ್ತಿ ಬಂದಿದೆ" ಎಂದು ಬರೆದಿದ್ದೀರಿ. ಈ ವಾಕ್ಯವನ್ನು ಓದಿಯೇ ನಾನು ಪತ್ರವನ್ನು ಮಡಚಿಟ್ಟು ಸುಮ್ಮನೆ ಕುಳಿತದ್ದು. ಮುಂದಿನ ಸಲ ನಿಮ್ಮ ಭುಜಕ್ಕೆ ಆ ಬಾಗಿಲು ತೆರೆಯುವುದಿಲ್ಲ.

ಆದ್ದರಿಂದ ನಾನು ಹೇಳುವುದು ಒಂದೇ ಕೆಲಸ. ವೈದ್ಯರ ಭೇಟಿಗೆ ಎರಡು ದಿನ ಹಿಡಿಯಬಹುದು, ಇದಕ್ಕೆ ಹತ್ತು ನಿಮಿಷ ಸಾಕು. ಇವತ್ತೇ, ಈ ಪತ್ರಿಕೆ ಕೆಳಗಿಟ್ಟೊಡನೆ, ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ಆ ಚಿಲಕವನ್ನು ಬಿಚ್ಚಿ. ಕದ್ದು ಬಿಚ್ಚಬೇಡಿ, ತಮ್ಮನ ಎದುರಿಗೇ ಬಿಚ್ಚಿ. "ನೀನು ಮತ್ತೆ ತೆಗೆದುಕೊಳ್ಳಬಾರದು ಎಂದೇ ನನ್ನ ಆಸೆ, ಆದರೆ ತೆಗೆದುಕೊಂಡರೆ ಒಂಟಿಯಾಗಿ ಸಾಯಲು ಬಿಡುವುದಿಲ್ಲ" ಎಂದು ಹೇಳಿ. ಕೂಗಾಡುತ್ತಾನೆ. ಕೂಗಾಡುವವನಿಗೆ ಉಸಿರಿದೆ, ಇರಲಿ. ಚಿಲಕವಿಲ್ಲದ ಬಚ್ಚಲಮನೆಯಲ್ಲಿ ಉಳಿದವರ ಪಾಡೇನು ಎನ್ನುತ್ತೀರಾ? ಒಳಗಿರುವವರು ಕೆಮ್ಮಲಿ, ಹಾಡಲಿ, ಬಾಗಿಲ ಹಿಡಿಗೆ ಬಟ್ಟೆ ಕಟ್ಟಲಿ.

ಮಾವನಿಗೆ ಹೇಳಬೇಕಾಗಿಲ್ಲ. ಷರತ್ತು ಹಿಂತೆಗೆದುಕೊಳ್ಳುವವರೆಗೆ ಈ ವಿಷಯದಲ್ಲಿ ಅವರಿಗೆ ಪಾಲಿಲ್ಲ. ಅಮ್ಮನ ಬಳಿ ನೀವಾಗಿ ಹೋಗಿ ಆಣೆ ಮುರಿಯುವುದೂ ಬೇಡ. ಚಿಲಕ ಬಿಚ್ಚಿದ ಮೇಲೆ ಬಾಗಿಲ ಮರದಲ್ಲಿ ನಾಲ್ಕು ತೂತು ಉಳಿಯುತ್ತವೆ. ಅಮ್ಮ ನೋಡುತ್ತಾರೆ. ಚಮಚದ ವಿಷಯ ಕೇಳದವರು ಇದನ್ನು ಕೇಳಿಯೇ ಕೇಳುತ್ತಾರೆ. ತಮ್ಮ ಅಲ್ಲೇ ನಿಂತಿರಲಿ. ಅವನು ಹೇಳದಿದ್ದರೆ ನೀವು ಹೇಳಿ.